ಮಿನಿಕಾಯ್‌ಗೆ ಎಷ್ಟು ಕೊಡ ನೀರು

ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡುವುದಿಲ್ಲ ಎಂದು ಗೊತ್ತಾದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ದಾರಿಯಲ್ಲಿ ನಮ್ಮದು ನಾಲ್ಕು ಎಕರೆ. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರು ಬಂದರೆ ಭತ್ತ, ಬರದಿದ್ದರೆ ಬೀಳು. ಡಿಸೆಂಬರ್‌ನಲ್ಲಿ ಮುಂಗಾರಿನ ಭತ್ತ ಕೊಯ್ದು, ಬಣವೆ ಒಟ್ಟಿ, ಸಾಲದ ಲೆಕ್ಕ ಮುಗಿಸಿದ ಮೇಲೆ ನೋಡಿದರೆ ಮುಂದೆ ಐದು ತಿಂಗಳು ಖಾಲಿ. ನಾಟಿ ಇಲ್ಲ, ಗೊಬ್ಬರದ ಓಡಾಟ ಇಲ್ಲ, ರಾತ್ರಿ ಎದ್ದು ತೂಬಿನ ಹತ್ತಿರ ಕಾಯುವುದಿಲ್ಲ. ಅಷ್ಟು ಬಿಡುವು ನನ್ನ ಕೈಗೆ ಯಾವತ್ತೂ ಸಿಕ್ಕಿರಲಿಲ್ಲ. ಎರಡು ದಿನ ಸುಮ್ಮನೆ ಕಟ್ಟೆ ಮೇಲೆ ಕೂತೆ. ಮೂರನೇ ದಿನ ಲಕ್ಷದ್ವೀಪದ ಮಿನಿಕಾಯ್ ನೆನಪಾಯಿತು.

ಅವ್ವನಿಗೆ ಹೇಳಿದಾಗ ಆಕೆ ಅಕ್ಕಿ ಆರಿಸುತ್ತಿದ್ದಳು. “ರೊಕ್ಕ ಕೊಟ್ಟು ನೀರಿನ ನಡುವ ಕುಂದ್ರಾಕ ಅಷ್ಟು ದೂರ ಯಾಕ ಹೋಗ್ತಿ? ಹರಿಗೋಲು ಹತ್ತಿ ನವವೃಂದಾವನಕ್ಕ ಹೋಗಿ ಬಾ” ಅಂದಳು. ಆಕೆಯ ಮಾತು ತೆಗೆದುಹಾಕುವಂಥದ್ದಲ್ಲ. ಆನೆಗೊಂದಿಯ ಹತ್ತಿರ ಹೊಳೆ ನಡುವೆ ಒಂಬತ್ತು ಯತಿಗಳ ವೃಂದಾವನ ಇರುವ ಆ ಗಡ್ಡೆಗೆ ನಾನು ಅವ್ವನ ಸೊಂಟದ ಮೇಲೆ ಕೂತು ಹೋದವನು. ನಡುಗಡ್ಡೆ ಎಂದರೇನು ಎಂಬುದನ್ನು ಅಲ್ಲಿಯೇ ಕಲಿತೆ. ಡ್ಯಾಮಿನ ಗೇಟು ತೆರೆದರೆ ಹರಿಗೋಲು ನಿಲ್ಲುತ್ತದೆ. ಆ ದಡದಲ್ಲಿದ್ದವರು ಆ ದಡದಲ್ಲಿ, ಈ ದಡದಲ್ಲಿದ್ದವರು ಈ ದಡದಲ್ಲಿ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಹೊಳೆ ದಂಡೆಯಲ್ಲಿ ನಿಂತು ನೋಡಿದ ಕೆಂಪು ನೀರು ಇನ್ನೂ ಕಣ್ಣ ಮುಂದಿದೆ. ನೀರು ದಾರಿ ಕೊಟ್ಟಾಗ ಮಾತ್ರ ಹೋಗಬೇಕು ಎನ್ನುವುದು ನಮ್ಮ ಕಡೆಯವರಿಗೆ ಹೊಸ ಮಾತಲ್ಲ.

ಆದರೂ ಮಿನಿಕಾಯ್. ಲಕ್ಷದ್ವೀಪದ ತುತ್ತತುದಿಯ ದಕ್ಷಿಣದ ದ್ವೀಪ ಅದು. ಅಲ್ಲಿನವರ ಬಾಯಲ್ಲಿ ಮಲಿಕು. ನಾವು 15 ಡಿಗ್ರಿ ಅಕ್ಷಾಂಶದ ಮೇಲಿದ್ದೇವೆ, ಅವರು 8 ಡಿಗ್ರಿಯ ಮೇಲೆ. ಲಕ್ಷದ್ವೀಪದ ಉಳಿದ ದ್ವೀಪಗಳಿಂದಲೂ ಅದು ಒಂಟಿ. ನಡುವೆ ಒಂಬತ್ತು ಡಿಗ್ರಿ ಕಾಲುವೆ ಎಂಬ ಅಗಲವಾದ ಕಡಲು, ದೇಶ ದೇಶದ ಸರಕು ಹಡಗುಗಳು ಸಾಗುವ ದಾರಿ. ಎಂಟು ಡಿಗ್ರಿ ಕಾಲುವೆ ದಾಟಿದರೆ ಮಾಲ್ಡೀವ್ಸ್. ಉಳಿದ ದ್ವೀಪದವರು ಮಲಯಾಳದ ಒಂದು ಬಗೆಯನ್ನು ಆಡಿದರೆ, ಮಿನಿಕಾಯ್‌ನವರದು ಮಹಲ್ ಭಾಷೆ. ಮಾಲ್ಡೀವ್ಸ್‌ನ ದಿವೇಹಿಯ ಒಡಹುಟ್ಟು, ಸಿಂಹಳಕ್ಕೆ ಹತ್ತಿರದ ನೆಂಟ.

ಇದೆಲ್ಲ ನನಗೆ ತಿಳಿದದ್ದು ಒಂದು ರಿಜಿಸ್ಟರ್ ಪುಸ್ತಕದಿಂದ ಶುರುವಾಗಿ.

ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಡದಲ್ಲಿ ವಿರೂಪಾಪುರ ಗಡ್ಡೆ ಇದೆ. ಗಂಗಾವತಿ ತಾಲ್ಲೂಕಿನದೇ. ಅಲ್ಲಿ ನಮ್ಮ ಅತ್ತೆ ಎಂಟು ಗುಡಿಸಲಿನ ಒಂದು ಗೆಸ್ಟ್‌ಹೌಸ್ ನಡೆಸುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ರಜೆ ಬಂದರೆ ನಾನು ಅಲ್ಲೇ. ಬಕೆಟ್ ತುಂಬುವುದು, ಚಹಾ ಕೊಡುವುದು, ರಿಜಿಸ್ಟರ್ ಬರೆಸುವುದು. ಹೊರದೇಶದವರು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಗದ್ದೆ ಬದುವಿನ ಮೇಲೆ ಕೂತು ಬಂಡೆಗಳ ಹಿಂದೆ ಹೊತ್ತು ಮುಳುಗುವುದನ್ನು ನೋಡುತ್ತಿದ್ದರು. ಒಂದು ಚಳಿಗಾಲದಲ್ಲಿ ಸುಮಾರು ಐವತ್ತು ವಯಸ್ಸಿನ ಒಬ್ಬರು ಹೆಂಡತಿಯೊಂದಿಗೆ ಬಂದರು. ಹಡಗಿನಲ್ಲಿ ಕೆಲಸ ಮಾಡುವವರು, ಊರು ಮಿನಿಕಾಯ್. ಹೆಸರು ಬರೆಯಿರಿ ಎಂದು ಪುಸ್ತಕ ಕೊಟ್ಟೆ. ಇಂಗ್ಲಿಷಿನಲ್ಲಿ ಎಲ್ಲ ತುಂಬಿ, ಸಹಿಯ ಜಾಗದಲ್ಲಿ ಪೆನ್ನನ್ನು ಬಲಗಡೆ ಇಟ್ಟು ಎಡಕ್ಕೆ ಎಳೆದರು. ಉರ್ದು ಅಂದುಕೊಂಡೆ. ಅಲ್ಲ, ಇದು ಮಹಲ್ ಬರೆಯುವ ತಾನಾ ಲಿಪಿ, ಇದರ ಮೊದಲ ಒಂಬತ್ತು ಅಕ್ಷರ ಅರಬ್ಬಿ ಅಂಕಿಗಳಿಂದ ಹುಟ್ಟಿದವು ಎಂದು ಒಂದರಿಂದ ಒಂಬತ್ತರವರೆಗೆ ಬರೆದು ತೋರಿಸಿದರು. ಅಂಕಿಗಳೇ ಅಕ್ಷರ! ಆ ಪುಟ ಈಗಲೂ ಇದೆ.

ಅವರು ಕೇಳಿದ ಮೊದಲ ಪ್ರಶ್ನೆ ಹಂಪಿಯ ಬಗ್ಗೆ ಇರಲಿಲ್ಲ. ವೈ-ಫೈ ಬಗ್ಗೆಯೂ ಇರಲಿಲ್ಲ. “ಈ ನೀರು ಎಲ್ಲಿಂದ ಬರುತ್ತೆ, ಎಷ್ಟು ಆಳ?” ಎಂದು ಹಿಂದಿಯಲ್ಲಿ ಕೇಳಿದರು. ಬೋರು ಅಂದೆ. ಹತ್ತು ದಿನ ಇದ್ದರು. ದಿನಾ ಬೆಳಿಗ್ಗೆ ಎರಡು ಬಕೆಟ್ ಬಿಸಿನೀರು ಬಾಗಿಲಲ್ಲಿ ಇಡುತ್ತಿದ್ದೆ, ಸಂಜೆ ಹೋದರೆ ಒಂದು ಬಕೆಟ್ ಮುಟ್ಟದೆ ಹಾಗೇ ಇರುತ್ತಿತ್ತು. ಒಂದು ದಿನ ಅವರು ಮುಖ ತೊಳೆಯುವುದನ್ನು ನೋಡಿದೆ. ಸ್ಟೀಲ್ ಲೋಟದಲ್ಲಿ ಅರ್ಧ ನೀರು. ಬೊಗಸೆಗೆ ಸ್ವಲ್ಪ, ಕಣ್ಣಿಗೆ, ಕಿವಿ ಹಿಂದೆ, ಕತ್ತಿಗೆ. ಉಳಿದ ಗುಟುಕನ್ನು ಚೆಲ್ಲದೆ ಅತ್ತೆ ನೆಟ್ಟಿದ್ದ ತುಳಸಿಗೆ ಹಾಕಿದರು. ನಮ್ಮಲ್ಲಿ ಬಾವಿಗೆ ಕೈಯಿಟ್ಟರೆ ನೀರು ಸಿಗುತ್ತದೆ, ಆದರೆ ಜಾಸ್ತಿ ಸೇದಿದರೆ ಕೆಳಗಿನಿಂದ ಸಮುದ್ರ ಎದ್ದು ಬರುತ್ತದೆ ಎಂದರು. ಅವತ್ತು ನನಗೆ ಅರ್ಥವಾಗಲಿಲ್ಲ. ಈಗ ಓದಿಕೊಂಡ ಮೇಲೆ ಆಗಿದೆ.

ಹವಳದ ದ್ವೀಪದಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ. ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರದ ಮರಳು ನೆಲ. ಬಿದ್ದ ಮಳೆ ಆ ಮರಳಿನೊಳಗೆ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೇಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅಷ್ಟೇ ಗುಟ್ಟು. ನಡುವೆ ದಪ್ಪ, ಅಂಚಿಗೆ ತೆಳು, ಮಸೂರದ ಆಕಾರ. ಪಂಪ್ ಇಟ್ಟು ಎಳೆದರೆ ಆ ಪದರ ತೆಳುವಾಗಿ ಉಪ್ಪು ಮೇಲೇರುತ್ತದೆ. ಒಮ್ಮೆ ಕೆಟ್ಟ ಬಾವಿ ಸರಿಹೋಗಲು ಮಳೆಗಾಲಗಳನ್ನೇ ಕಾಯಬೇಕು.

ಇದನ್ನು ಓದುವಾಗ ನನಗೆ ನಮ್ಮ ಹೊಲದ ಕೆಳಗಿನ ಮೂಲೆ ನೆನಪಾಯಿತು. ಸುಮಾರು ಇಪ್ಪತ್ತು ಗುಂಟೆ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ನೆಲದ ಮೇಲೆ ತೆಳ್ಳಗೆ ಬಿಳಿ ಪೊರೆ, ಸುಣ್ಣ ಚೆಲ್ಲಿದ ಹಾಗೆ. ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟರೆ ಉಪ್ಪು, ಹಿಂದೆಯೇ ಕಹಿ. ಸವಳು. ಈ ನಾಲೆ ಯೋಜಿಸಿದ ಕಾಲದಲ್ಲಿ ಲೆಕ್ಕ ಹಾಕಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ನೀರು ಕಂಡ ನಾವು ಭತ್ತ ಹಚ್ಚಿದೆವು. ವರ್ಷ ವರ್ಷ ನಿಂತ ನೀರು ಒಳಗಿಳಿದು, ಅಂತರ್ಜಲ ಮೇಲೆ ಬಂದು, ತನ್ನ ಜೊತೆ ಉಪ್ಪನ್ನೂ ತಂದಿತು. ಮೇಲಿನವರು ನಾವು ಹೀಗೆ ನೀರು ನಿಲ್ಲಿಸಿಕೊಂಡಾಗ ಕೆಳಗೆ ಮಾನ್ವಿ, ಸಿರವಾರ, ರಾಯಚೂರಿನ ಕಡೆ ಕೊನೆಭಾಗದ ರೈತರು ಒಣ ಕಾಲುವೆ ನೋಡುತ್ತಾ ಕೂತರು. ಇದನ್ನು ಬರೆಯುವಾಗ ನೋವಾಗುತ್ತದೆ, ಆದರೆ ಬರೆಯಲೇಬೇಕು. ನೀರು ಹೆಚ್ಚಾಗಿ ನಮ್ಮ ನೆಲ ಉಪ್ಪಾಯಿತು, ಹೆಚ್ಚು ಸೇದಿದರೆ ಅವರ ಬಾವಿ ಉಪ್ಪಾಗುತ್ತದೆ. ಅರ್ಧ ಲೋಟದಲ್ಲಿ ಮುಖ ತೊಳೆದ ಆ ಮನುಷ್ಯನನ್ನು ಮತ್ತೆ ನೋಡಬೇಕು ಎಂಬ ಆಸೆ ಹುಟ್ಟಿದ್ದು ಈ ಮೂಲೆಯಲ್ಲಿ ನಿಂತಾಗಲೇ.

ಮಿನಿಕಾಯ್‌ನಲ್ಲಿ 2011ರಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವೊಂದಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮೊದಲು 2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಮಾಡಿ ತೋರಿಸಿದ್ದು. ವಿಧಾನ ನನಗೆ ಬಹಳ ಇಷ್ಟವಾಯಿತು: ಮೇಲ್ಭಾಗದ ಬೆಚ್ಚಗಿನ ಸಮುದ್ರದ ನೀರನ್ನು ಗಾಳಿಯ ಒತ್ತಡ ಕಡಿಮೆ ಮಾಡಿದ ಕೋಣೆಗೆ ಬಿಡುತ್ತಾರೆ, ಅದು ಕುದಿಸದೆಯೇ ಆವಿಯಾಗುತ್ತದೆ. ನೂರಾರು ಮೀಟರ್ ಆಳದಿಂದ ಕೊಳವೆಯಲ್ಲಿ ತಂದ ತಣ್ಣೀರು ಆ ಆವಿಯನ್ನು ಮತ್ತೆ ನೀರು ಮಾಡುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರ್. ಕೇಳಲು ದೊಡ್ಡ ಅಂಕಿ. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನ 10,447. ಭಾಗಿಸಿ ನೋಡಿ, ತಲೆಗೆ ಹತ್ತು ಲೀಟರೂ ಬೀಳುವುದಿಲ್ಲ. ನಮ್ಮ ಮನೆಯ ಒಂದು ಕೊಡ ಹದಿನೈದು ಲೀಟರಿನದು.

ಹಾಗಾಗಿ ನಾನೂ ಮನೆಯಾಕೆಯೂ ಪ್ರವಾಸದ ತಯಾರಿ ಶುರು ಮಾಡಿದ್ದು ಬಟ್ಟೆ ಚೀಲದಿಂದಲ್ಲ, ಕೊಡದಿಂದ. ತಲೆಗೆ ದಿನಕ್ಕೆ ನಾಲ್ಕು ಕೊಡ ಎಂದು ಹಂಚಿಕೊಂಡೆವು. ಕುಡಿಯಲು, ಸ್ನಾನಕ್ಕೆ, ಬಟ್ಟೆಗೆ, ಪಾಯಿಖಾನೆಗೆ ಎಲ್ಲ ಸೇರಿ. ಮೊದಲ ವಾರ ಸಂಜೆಯೊಳಗೆ ಮುಗಿದುಹೋಗುತ್ತಿತ್ತು. ಈಗ ಮೂರಕ್ಕೆ ಇಳಿದಿದ್ದೇವೆ. ಬಟ್ಟೆ ಜಾಲಿಸಿದ ನೀರು ಪಾಯಿಖಾನೆಗೆ, ತರಕಾರಿ ತೊಳೆದ ನೀರು ಕರಿಬೇವಿಗೆ. ಅವ್ವ ಏನೂ ಅನ್ನಲಿಲ್ಲ. ಡ್ಯಾಮಿನ ನೀರು ಕಾಣುವ ಮೊದಲಿನ ಬರದ ಕತೆಗಳನ್ನು ಕೇಳಿ ಬೆಳೆದವಳು, ಇದೆಲ್ಲ ಆಕೆಗೆ ಗೊತ್ತಿದ್ದದ್ದೇ.

ಗಡ್ಡೆಯ ಕತೆ ಪೂರ್ತಿ ಹೇಳಬೇಕು. ವರ್ಷ ಕಳೆದಂತೆ ತಿಂಗಳು ಉಳಿಯುವವರು ಕಡಿಮೆಯಾಗಿ, ಶನಿವಾರ ಬಂದು ಭಾನುವಾರ ಹೋಗುವವರು ಹೆಚ್ಚಾದರು. ಸ್ಪೀಕರ್, ಬಾಟಲಿ, ಬಂಡೆ ಸಂದಿಯಲ್ಲಿ ಪ್ಲಾಸ್ಟಿಕ್. ಗದ್ದೆಗಳನ್ನು ಸಮ ಮಾಡಿ ಗುಡಿಸಲು ಏರಿದವು, ಬೋರಿನ ಪಕ್ಕ ಬೋರು. ಅತ್ತೆಯೂ ಎಂಟನ್ನು ಹನ್ನೆರಡು ಮಾಡಿದಳು. 2020ರ ಫೆಬ್ರವರಿಯಲ್ಲಿ ಅಲ್ಲಿನ ಕಟ್ಟಡ ತೆಗೆಯಬೇಕೆಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚಿನಲ್ಲಿ ಕಟ್ಟಡಗಳು ಉರುಳಿದವು. ಅತ್ತೆ ಹೊತ್ತುಕೊಂಡು ಬಂದದ್ದು ಎರಡು ಪಾತ್ರೆ ಚೀಲ, ಒಂದು ದೇವರ ಫೋಟೊ, ಆ ರಿಜಿಸ್ಟರ್ ಪುಸ್ತಕಗಳು. ಆಕೆಯ ಎದುರು ಹೇಳಲು ನನಗೆ ಬಾಯಿ ಬರುವುದಿಲ್ಲ, ಆದರೆ ಆ ನೆಲಕ್ಕೆ ಅಷ್ಟು ಜನರನ್ನು ಹೊರುವ ಶಕ್ತಿ ಇರಲಿಲ್ಲ. ನಾವು ಬಕೆಟ್ ತುಂಬುತ್ತಲೇ ಹೋದೆವು, ಎಷ್ಟು ಎಂದು ಎಣಿಸಲಿಲ್ಲ.

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ ಫೋನು ತೆರೆದರೆ ಸಾಕು, ನೀಲಿ ನೀರಿನ ಚಿತ್ರಗಳು. ನಾಲ್ಕು ದಿನದಲ್ಲಿ ಮೂರು ದ್ವೀಪ ತೋರಿಸುತ್ತೇವೆ ಎನ್ನುವ ಜಾಹೀರಾತುಗಳು. ಇಡೀ ಲಕ್ಷದ್ವೀಪದ ನೆಲ 32 ಚದರ ಕಿಲೊಮೀಟರ್. 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ. ಗಡ್ಡೆಯನ್ನು ಕಂಡವನಿಗೆ ಆ ಚಿತ್ರಗಳನ್ನು ನೋಡಿ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ಅಲ್ಲಿಗೆ ಹೋಗಲು ಭಾರತೀಯರಾದ ನಮಗೂ ಪರವಾನಗಿ ಬೇಕು. ಪ್ರವೇಶ ಮತ್ತು ವಾಸದ ನಿರ್ಬಂಧದ ನಿಯಮಗಳು 1967ರಿಂದ ಇವೆ. ಮೂಲನಿವಾಸಿಗಳಲ್ಲಿ ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡದವರು. ಸ್ಥಳೀಯ ಠಾಣೆಯ ಪ್ರಮಾಣಪತ್ರ, ಗುರುತಿನ ಚೀಟಿ, ಫೋಟೊ, ಸರ್ಕಾರಿ ಪ್ಯಾಕೇಜಿನಲ್ಲಿ ಹೋಗದಿದ್ದರೆ ದ್ವೀಪದವರೊಬ್ಬರ ಆಹ್ವಾನ. ಕೆಲವರು ಇದನ್ನು ಕಿರಿಕಿರಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗಡ್ಡೆಗೂ ಇಂಥದ್ದೊಂದು ಬಾಗಿಲು ಇದ್ದಿದ್ದರೆ ಅತ್ತೆಯ ಎಂಟು ಗುಡಿಸಲು ಇವತ್ತಿಗೂ ನಿಂತಿರುತ್ತಿದ್ದವೇನೋ.

ಆಹ್ವಾನಕ್ಕಾಗಿ ರಿಜಿಸ್ಟರ್ ಹುಡುಕಿದೆ. ಫೋನ್ ನಂಬರ್ ಸತ್ತಿತ್ತು. ವಿಳಾಸ ಇತ್ತು. ಹಿಂದಿಯಲ್ಲಿ ಎರಡು ಪುಟ ಬರೆದು, ಅವರು ಬರೆದುಕೊಟ್ಟಿದ್ದ ಒಂಬತ್ತು ಅಕ್ಷರಗಳ ಪುಟದ ಫೋಟೊ ಇಟ್ಟು ಅಂಚೆಗೆ ಹಾಕಿದೆ. ಏಳು ವಾರ ಸದ್ದಿಲ್ಲ. ಬಿಟ್ಟುಬಿಡೋಣ ಅನ್ನುವಷ್ಟರಲ್ಲಿ ಒಂದು ಸಂಜೆ ಅವರ ಮಗಳು ಫೋನು ಮಾಡಿದಳು. ತಂದೆ ಚೆನ್ನಾಗಿದ್ದಾರೆ, ಹಡಗು ಬಿಟ್ಟಿದ್ದಾರೆ, ತೆಂಗು ನೋಡಿಕೊಳ್ಳುತ್ತಾರೆ. ಹಿಂದಿನಿಂದ ಅವರ ದನಿಯೂ ಕೇಳಿತು. “ಆ ತುಳಸಿ ಇದೆಯಾ?” ಇಲ್ಲ ಎಂದು ಹೇಳಲು ಆಗಲಿಲ್ಲ. ಅತ್ತೆ ಅದರ ಬೀಜದಿಂದ ಬೆಳೆಸಿದ್ದು ನಮ್ಮ ಅಂಗಳದಲ್ಲಿದೆ, ಇದೆ ಎಂದೆ.

ದಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಎರ್ನಾಕುಲಂ, ಅಲ್ಲಿ ವೆಲ್ಲಿಂಗ್ಡನ್ ದ್ವೀಪದ ಹಡಗುಕಟ್ಟೆ. ಆ ದ್ವೀಪವೂ ಮನುಷ್ಯ ಮಾಡಿದ್ದು, ಕೊಚ್ಚಿ ಬಂದರು ಆಳಮಾಡುವಾಗ ತೆಗೆದ ಹೂಳಿನಿಂದ. ಮಿನಿಕಾಯ್‌ನಲ್ಲಿ ವಿಮಾನ ನಿಲ್ದಾಣ ಇಲ್ಲ. ವಿಮಾನ ಇಳಿಯುವ ಅಗತ್ತಿ ಇನ್ನೊಂದು ಕಡಲಿನಾಚೆ. ಕೊಚ್ಚಿಯಿಂದ ಸುಮಾರು 400 ಕಿಲೊಮೀಟರ್, ಹಡಗಿನಲ್ಲಿ ಒಂದು ರಾತ್ರಿ, ಸುತ್ತಿ ಹೋದರೆ ಇನ್ನೂ ಹೆಚ್ಚು. ನಮಗೆ ಬಂಕ್ ಕ್ಲಾಸ್ ಸಾಕು. ಹೋಗುವ ದಿನ ಅಂದಾಜು ಹೇಳಬಹುದು, ಬರುವ ದಿನ ಹೇಳಲಾಗದು. ಹಡಗಿನ ಪಟ್ಟಿ ಬದಲಾಗುತ್ತಿರುತ್ತದೆ, ದ್ವೀಪದ ರೋಗಿಗಳಿಗೆ, ವಿದ್ಯಾರ್ಥಿಗಳಿಗೆ ಮೊದಲು ಸೀಟು ಸಿಗಬೇಕು, ಸಿಗಲಿ. ಮೂರು ವಾರ ಎಂದುಕೊಂಡಿದ್ದೇವೆ, ನಾಲ್ಕಾದರೂ ಗದ್ದೆಯಲ್ಲಿ ಕಾಯುವುದೇನಿಲ್ಲ. ಮೇ ಮಧ್ಯದೊಳಗೆ ಮಾತ್ರ ವಾಪಸಾಗಬೇಕು. ಆಮೇಲೆ ಕಡಲು ಏಳುತ್ತದೆ.

ನೋಡಬೇಕಾದ್ದು ಏನು ಎಂದು ಕೇಳುವವರಿಗೆ ಹೇಳಲು ನನ್ನ ಹತ್ತಿರ ಹೆಚ್ಚಿಲ್ಲ. 1885ರ ದೀಪಸ್ತಂಭ ಇದೆ, ಸುಮಾರು 50 ಮೀಟರ್ ಎತ್ತರ, ಹತ್ತುತ್ತೇವೆ. ನನಗೆ ನೋಡಬೇಕಿರುವುದು ಟ್ಯೂನಾ ಹಿಡಿಯುವ ಬಗೆ. ಬೆಳಗಿನ ಹೊತ್ತು ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲಿನಲ್ಲಿ, ಸಣ್ಣ ಮೀನುಗಳನ್ನು ಬಲೆಯಲ್ಲಿ ಹಿಡಿದು, ದೋಣಿಯ ಹೊಟ್ಟೆಯಲ್ಲಿ ಸಮುದ್ರದ ನೀರು ಆಡುವ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಗಡಲಲ್ಲಿ ಟ್ಯೂನಾ ಹಿಂಡು ಸಿಕ್ಕರೆ ಆ ಮರಿಗಳನ್ನು ಎರಚಿ, ನೀರನ್ನೂ ಮಳೆಯಂತೆ ಚಿಮ್ಮಿಸಿ, ಸಾಲಾಗಿ ನಿಂತು ಗಳದ ತುದಿಯ ಕೊಕ್ಕೆಯಿಂದ ಒಂದೊಂದೇ ಮೀನನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾರೆ. ಕೊಕ್ಕೆಗೆ ಮುಳ್ಳು ಇಲ್ಲ, ಮೀನು ತಾನೇ ಕಳಚಿ ಬೀಳುತ್ತದೆ. ಎಷ್ಟು ಕೈಗಳಿವೆಯೋ ಅಷ್ಟೇ ಮೀನು. ಬೇಯಿಸಿ, ಹೊಗೆಯಲ್ಲಿ ಒಣಗಿಸಿದರೆ ಮಾಸ್. ಮರದ ತುಂಡಿನಷ್ಟು ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ.

ಹವಳವನ್ನು ನೋಡಲು ಮಾತ್ರ ಅಂಜಿಕೆ. ಸಮುದ್ರ ತನ್ನ ವಾಡಿಕೆಯ ಬೇಸಿಗೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆ ಪಾಚಿಯೇ ಅದಕ್ಕೆ ಅನ್ನ. ಲಕ್ಷದ್ವೀಪದಲ್ಲಿ ಹೀಗಾದದ್ದು 1998, 2010, 2016, ಮತ್ತೆ 2024ರಲ್ಲಿ. ಭತ್ತ ಹೂವಿಗೆ ಬಂದಾಗ 35 ಡಿಗ್ರಿ ದಾಟಿದರೆ ತೆನೆ ನಿಂತೇ ಇರುತ್ತದೆ, ಕೈಗೆ ತಗೊಂಡರೆ ಜೊಳ್ಳು. ನೋಡಲು ಚೆಂದ, ಒಳಗೆ ಕಾಳಿಲ್ಲ. ಬಿಳಿ ಹವಳದ ಚಿತ್ರ ನೋಡಿದಾಗ ನನ್ನ ಬೆರಳುಗಳಿಗೆ ಜೊಳ್ಳು ಸಿಕ್ಕಂತಾಯಿತು. ನಮ್ಮ ಸಾಣಾಪುರ, ಆನೆಗೊಂದಿಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಬೆಂಕಿಯಲ್ಲಿ ಹುಟ್ಟಿದ ಕಲ್ಲು, ಅದರ ಮೇಲೆ ಎಷ್ಟು ಬಿಸಿಲು ಬಿದ್ದರೂ ನಡೆದೀತು. ಅವರ ನೆಲ ಹಾಗಲ್ಲ. ಸಣ್ಣ ಜೀವಗಳು ಕಟ್ಟಿದ ಎಲುಬು, ಗಿಳಿಮೀನು ಕಡಿದು ತಿಂದು ಹೊರಹಾಕಿದ ಬಿಳಿ ಮರಳು. ಜೀವ ಇರುವವರೆಗೆ ಮಾತ್ರ ಅದು ನೆಲ.

ಒಂದು ಸಂಗತಿ ನನಗೆ ಬಹಳ ಖುಷಿ ಕೊಟ್ಟಿತು. ಹೊಳೆಯ ಈ ದಡದ ನಾವು ನಿಜಾಮನ ಕಡೆಯವರು, ಹಂಪಿಯ ದಡ ಮದ್ರಾಸಿನದು. 1956ರ ನವೆಂಬರ್ 1ರಂದು ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿದೆವು. ಅದೇ ದಿನ ಆ ದ್ವೀಪಗಳು ಮದ್ರಾಸಿನಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶವಾದವು. 1973ರ ನವೆಂಬರ್ 1ರಂದು ನಮ್ಮ ರಾಜ್ಯ ಕರ್ನಾಟಕವಾಯಿತು, ಅದೇ ದಿನ ಅವರ ನಾಡು ಲಕ್ಷದ್ವೀಪ ಎಂಬ ಹೆಸರು ಪಡೆಯಿತು. ಅಮಿನಿ, ಕದ್ಮತ್ ಕಡೆಯ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ರಾಜ್ಯೋತ್ಸವದ ದಿನ ಬಾವುಟ ಹಾರಿಸುವಾಗ ಇನ್ನು ಮುಂದೆ ನನಗೆ ಅವರೂ ನೆನಪಾಗುತ್ತಾರೆ.

ಏನು ಒಯ್ಯುವುದು ಎಂದು ಕೇಳಿದಾಗ ಆ ಮಗಳು ನಕ್ಕು, ಅಕ್ಕಿ ಅಂದಳು. ಅಲ್ಲಿ ತೆಂಗು ಬಿಟ್ಟರೆ ಬೆಳೆಯುವುದು ಕಡಿಮೆ, ಅಕ್ಕಿ ಹಡಗಿನಲ್ಲೇ ಬರಬೇಕು. ಅವ್ವ ಅವತ್ತಿನಿಂದ ಈ ಮುಂಗಾರಿನ ಸೋನಾ ಮಸೂರಿಯಲ್ಲಿ ಹತ್ತು ಕಿಲೊ ಬೇರೆ ಮಾಡಿ ಇಟ್ಟಿದ್ದಾಳೆ. ನುಚ್ಚು ಇಲ್ಲದಂತೆ ಮೊರದಲ್ಲಿ ಕೇರಿ, ಬೇವಿನ ಎಲೆ ಹಾಕಿ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ್ದಾಳೆ. ಆ ಗಂಟಿನ ಮೇಲೆ ಎರಡು ಚೀಟಿ ತುಳಸಿ ಬೀಜ. ನಮ್ಮ ಕಸ ವಾಪಸ್ ತರಲು ಒಂದು ಖಾಲಿ ಗೋಣಿಚೀಲವನ್ನು ನಾನು ಮಡಚಿ ಪಕ್ಕದಲ್ಲಿ ಇಟ್ಟಿದ್ದೇನೆ.

ಮೊನ್ನೆ ಅವ್ವನ ಆಸೆಗಾಗಿ ನವವೃಂದಾವನಕ್ಕೂ ಹೋಗಿಬಂದೆವು. ಹರಿಗೋಲು ನಡೆಸುವವರು ನನ್ನ ಬಾಲ್ಯದಿಂದ ನೋಡಿದವರು. ಬಿದಿರಿನ ಬುಟ್ಟಿ ಅದೇ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಆನೆಗೊಂದಿಯಲ್ಲಿ ಇಂಥ ದುಂಡು ದೋಣಿ ಕಂಡು ಬರೆದಿಟ್ಟಿದ್ದಾನೆ. ಆಗ ಹೊರಗೆ ತೊಗಲು, ಈಗ ಡಾಂಬರು ಬಳಿದ ಪ್ಲಾಸ್ಟಿಕ್. ನಾವು ಹೊರಟಿರುವ ಸುದ್ದಿ ಅವರಿಗೂ ಮುಟ್ಟಿತ್ತು.

“ಅಲ್ಲಿ ನೀರು ಯಾ ಕಡೆ ಹರೀತೈತಿ?” ಎಂದು ಕೇಳಿದರು.

ಆರು ತಾಸು ಒಳಗೆ ಬರುತ್ತದಂತೆ, ಆರು ತಾಸು ಹೊರಗೆ ಹೋಗುತ್ತದಂತೆ ಎಂದೆ. ಹುಟ್ಟು ನೀರಿನಿಂದ ಎತ್ತಿ ಹಿಡಿದು, ತುದಿಯಿಂದ ಹನಿ ಬೀಳುವುದನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹರಿಗೋಲು ಅರ್ಧ ಸುತ್ತು ತಿರುಗಿತು. “ಬಂದ ಮ್ಯಾಲ ಹೇಳು” ಅಂದರು.

ಠಾಣೆಯ ಕಾಗದವೊಂದು ಬಾಕಿ ಇದೆ. ನಾಳೆ ಬೆಳಿಗ್ಗೆ ಇಬ್ಬರೂ ಹೋಗಬೇಕು, ಎರಡೆರಡು ಫೋಟೊ ತಗೊಂಡು.